ತ್ರಿಲೋಕಸಾರದ ಯೋಜನ ಮತ್ತು ಕಡ್ಡಿರಾಂಪುರದ ಶಂಕುಚ್ಛಾಯೆ

ಲೋಕಾನುಯೋಗದ ಗ್ರಂಥಗಳಿಗೆ ಟಿಪ್ಪಣಿ ಬರೆಯುವವರಲ್ಲಿ ಎರಡು ಪಕ್ಷಗಳು ಕಾಣಬರುತ್ತವೆ. ಯೋಜನವನ್ನು ಮೈಲಿಗೆ ಪರಿವರ್ತಿಸಿ, ಇಂದಿನ ಭೂಗೋಳಶಾಸ್ತ್ರದ ಅಳತೆಗಳನ್ನು ನಮ್ಮ ಆಚಾರ್ಯರು ಮೊದಲೇ ಹೇಳಿದ್ದರೆಂದು ಸಾಧಿಸುವುದು ಒಂದು ಪಕ್ಷ. ಭೂಮಿ ಗೋಲಾಕಾರವೆಂಬುದೂ ಅದು ತನ್ನ ಅಕ್ಷದ ಮೇಲೆ ಭ್ರಮಿಸುವುದೆಂಬುದೂ ಪರಮತದ ಕಲ್ಪನೆಯೆಂದು ತಳ್ಳಿಹಾಕುವುದು ಇನ್ನೊಂದು. ಮೊದಲನೆಯದು ಗ್ರಂಥಕ್ಕೆ ಅಪಚಾರ ಮಾಡುತ್ತದೆ, ಎರಡನೆಯದು ಪ್ರತ್ಯಕ್ಷಕ್ಕೆ. ಪ್ರಕೃತ ಲೇಖನದಲ್ಲಿ ಈ ಎರಡನ್ನೂ ಪರೀಕ್ಷಿಸಬೇಕೆಂದಿದ್ದೇನೆ.

ಮೊದಲು ಗ್ರಂಥದ ಮಾತು. ಚಾವುಂಡರಾಯನ ಗುರುಗಳಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ತ್ರಿಲೋಕಸಾರವೇ ಮೊದಲಾದ ಗ್ರಂಥಪರಂಪರೆಯಲ್ಲಿ ಜಂಬೂದ್ವೀಪದ ವ್ಯಾಸ 1,00,000 ಯೋಜನ. ಅದರ ಪರಿಧಿ 3,16,227 ಯೋಜನ, 3 ಕ್ರೋಶ, 128 ಧನುಸ್ಸು, ಹದಿಮೂರೂವರೆ ಅಂಗುಲಕ್ಕಿಂತ ಸ್ವಲ್ಪ ಹೆಚ್ಚು ಎಂಬುದು ಪಂಡಿತರಿಗೆ ಕಂಠಸ್ಥ. ಇದು ಹತ್ತರ ವರ್ಗಮೂಲದಿಂದ ಬಂದ ಪರಿಧಿ. ಇಂದಿನ ಗಣಕಯಂತ್ರದಲ್ಲಿ ಆ ಮೂಲವನ್ನು ತೆಗೆದರೆ ಕೊನೆಯಲ್ಲಿ ಉಳಿಯುವುದು ಹದಿಮೂರಕ್ಕೂ ತುಸು ಕಡಮೆ ಅಂಗುಲ. ಹಾಗಾದರೆ ಲಿಪಿಕಾರನು ತಪ್ಪಿದನೆ? ಇಲ್ಲ. ಶೇಷವನ್ನು ಮೂಲದ ಇಮ್ಮಡಿಯಿಂದ ಭಾಗಿಸುವ ಸ್ಥೂಲಕ್ರಮವನ್ನು ಅನುಸರಿಸಿದರೆ ಸರಿಯಾಗಿ ಹದಿಮೂರೂವರೆ ಅಂಗುಲಕ್ಕಿಂತ ತುಸು ಹೆಚ್ಚೇ ದೊರೆಯುತ್ತದೆ. ಓಲೆಯ ಪಾಠವನ್ನು 'ಶುದ್ಧ'ಗೊಳಿಸಲು ಹೊರಟ ಸಂಪಾದಕನು ಆಚಾರ್ಯರ ಗಣಿತಕ್ರಮದ ಸಾಕ್ಷ್ಯವನ್ನೇ ಅಳಿಸಿಬಿಡುತ್ತಾನೆ.

ಇನ್ನು ಪರಿವರ್ತನೆಯ ವಿಷಯ. ಉತ್ಸೇಧಾಂಗುಲಕ್ಕೆ ಪ್ರಮಾಣಾಂಗುಲವು ಐನೂರು ಮಡಿ. ಟಿಪ್ಪಣಿಕಾರರು ಸಾಮಾನ್ಯವಾಗಿ ಕಿರಿಯ ಯೋಜನವನ್ನು 8 ಮೈಲಿಯೆಂದೂ ದ್ವೀಪಸಮುದ್ರಗಳನ್ನು ಅಳೆಯುವ ಹಿರಿಯ ಯೋಜನವನ್ನು 4,000 ಮೈಲಿಯೆಂದೂ ಹಿಡಿಯುತ್ತಾರೆ. ಹಿರಿಯದನ್ನು ಹಿಡಿದರೆ ಜಂಬೂದ್ವೀಪದ ವ್ಯಾಸ 40 ಕೋಟಿ ಮೈಲಿ. ಕಿರಿಯದನ್ನು ಹಿಡಿದರೂ 8 ಲಕ್ಷ ಮೈಲಿ. ಭೂಮಿಯ ವ್ಯಾಸವಾದರೋ ವಿಷುವದ್ವೃತ್ತದಲ್ಲಿ ಸುಮಾರು 7,926 ಮೈಲಿ, ಎಂದರೆ 12,756 ಕಿಲೋಮೀಟರು; ಧ್ರುವದಿಂದ ಧ್ರುವಕ್ಕೆ 12,714 ಕಿಲೋಮೀಟರು. ಯಾವ ಅಂಗುಲವನ್ನು ಆರಿಸಿದರೂ ಇವು ಕೂಡುವುದಿಲ್ಲ.

ಭೂಗರ್ಭದ ವಿಷಯದಲ್ಲಿಯೂ ಇದೇ ಗೊಂದಲ. ರತ್ನಪ್ರಭೆಯ ದಪ್ಪ 1,80,000 ಯೋಜನ. ಅದರಲ್ಲಿ ಖರಭಾಗ 16,000, ಪಂಕಭಾಗ 84,000, ಅಬ್ಬಹುಲಭಾಗ 80,000. ಈ ಮೂರು ಭಾಗಗಳನ್ನು ಭೂವಿಜ್ಞಾನಿಗಳು ಹೇಳುವ ಹೊರಚಿಪ್ಪು, ನಡುವಣ ಕವಚ, ತಿರುಳು ಎಂಬ ಮೂರಕ್ಕೆ ಸಮೀಕರಿಸುವುದುಂಟು. ಸಂಖ್ಯೆಯ ಸಾಮ್ಯವೊಂದನ್ನು ಬಿಟ್ಟರೆ ಇಲ್ಲಿ ಬೇರೆ ಆಧಾರವಿಲ್ಲ. ಏಳು ನರಕಭೂಮಿಗಳು ಒಂದರ ಕೆಳಗೊಂದು ಅಸಂಖ್ಯಾತ ಯೋಜನಗಳ ಅಂತರದಲ್ಲಿವೆ. ಗೋಲದೊಳಗಿನ ಪದರಗಳಂತೆ ಒಂದನ್ನೊಂದು ಸುತ್ತಿಕೊಂಡಿಲ್ಲ. ಅವು ಜೀವಗಳ ಕರ್ಮಫಲದ ನೆಲೆಗಳೆಂಬುದನ್ನು ಮರೆತರೆ ಗ್ರಂಥದ ತಾತ್ಪರ್ಯವೇ ತಪ್ಪುತ್ತದೆ.

ಭೂಗರ್ಭವನ್ನು ಊಹಿಸುವ ದಾರಿ ಬೇರೆ. ಹಂಪೆಯ ಪಕ್ಕದ ಕಡ್ಡಿರಾಂಪುರದ ಕಣಶಿಲೆಯ ಗುಂಡು ನೀರಿಗಿಂತ ಸುಮಾರು 2.7 ಮಡಿ ಭಾರ; ಸಂಡೂರಿನ ಉತ್ತಮ ಕಬ್ಬಿಣದ ಅದಿರು ಸುಮಾರು 5 ಮಡಿ. ಇಡೀ ಭೂಮಿಯ ಸರಾಸರಿಯೋ 5.5 ಮಡಿ. ಇದನ್ನು 1798ರಲ್ಲಿಯೇ ಕ್ಯಾವೆಂಡಿಶ್ ಅಳೆದಿದ್ದನು. ಹೀಗಿರಲು ಒಳಗಿನ ದ್ರವ್ಯ ಮೇಲಿನ ಶಿಲೆಗಿಂತ ಬಹಳ ಭಾರವಾಗಿರಲೇಬೇಕು. ಭೂಕಂಪದ ಅಲೆಗಳ ಪರೀಕ್ಷೆಯಿಂದ, ಸುಮಾರು 2,900 ಕಿಲೋಮೀಟರು ಆಳದಿಂದ ದ್ರವರೂಪದ ಕಬ್ಬಿಣವೂ 5,150 ಕಿಲೋಮೀಟರಿನಿಂದ ಕೇಂದ್ರದವರೆಗೆ ಘನರೂಪದ ಕಬ್ಬಿಣವೂ ಇದೆಯೆಂದು ತಿಳಿದುಬಂದಿದೆ. ಆ ಘನಭಾಗವನ್ನು 1936ರಲ್ಲಿ ಗುರುತಿಸಿದವರು ಇಂಗೆ ಲೆಹ್ಮನ್ ಎಂಬ ವಿದುಷಿ.

ಎರಡನೆಯ ಪಕ್ಷದವರಿಗೆ ಒಂದು ಪರೀಕ್ಷೆಯನ್ನು ಸೂಚಿಸುತ್ತೇನೆ. ಇರುಗಪ್ಪ ದಂಡನಾಯಕನು ಶಕ 1307ರಲ್ಲಿ ಕುಂಥು ಜಿನನಾಥನಿಗೆ ಚೈತ್ಯಾಲಯವನ್ನು ಕಟ್ಟಿಸಿದ ಹಂಪೆಯ ನೆಲವೂ ನೇಮಿಚಂದ್ರರ ಶಿಷ್ಯನು ಗೊಮ್ಮಟನನ್ನು ನಿಲ್ಲಿಸಿದ ಶ್ರವಣಬೆಳಗೊಳವೂ ಬಹುಮಟ್ಟಿಗೆ ಒಂದೇ ಉತ್ತರದಕ್ಷಿಣ ರೇಖೆಯಲ್ಲಿವೆ. ನೇರ ದೂರ ಸುಮಾರು 275 ಕಿಲೋಮೀಟರು, ಎಂದರೆ 171 ಮೈಲಿ. ವಿಷುವದಿನದ ಮಧ್ಯಾಹ್ನ ಕಡ್ಡಿರಾಂಪುರದಲ್ಲಿ ಹನ್ನೆರಡು ಅಂಗುಲದ ಶಂಕುವನ್ನು ನೆಟ್ಟರೆ ನೆರಳು ಸುಮಾರು 3.3 ಅಂಗುಲ, ಬೆಳಗೊಳದಲ್ಲಿ ಸುಮಾರು 2.7. ಇವುಗಳಿಂದ ಬರುವ ಅಕ್ಷಾಂಶಗಳ ಅಂತರ ಎರಡೂವರೆ ಅಂಶಕ್ಕೆ ತುಸು ಕಡಮೆ. ವೃತ್ತದಲ್ಲಿ ಅಂತಹ ಪಾಲುಗಳು ಸುಮಾರು 145. ಅದನ್ನು 275ರಿಂದ ಗುಣಿಸಿದರೆ ಭೂಪರಿಧಿ ಸುಮಾರು 40,000 ಕಿಲೋಮೀಟರು.

ನೆಲ ಸಮತಲವಾಗಿದ್ದು ಸೂರ್ಯನು ಹತ್ತಿರವಿದ್ದರೂ ನೆರಳುಗಳು ಭಿನ್ನವಾಗುವುವಲ್ಲವೆ ಎಂದು ಪೂರ್ವಪಕ್ಷಿ ಕೇಳಬಹುದು. ಪ್ರಶ್ನೆ ಯುಕ್ತವೇ. ಸೂರ್ಯವಿಮಾನವು ಸಮಭೂಮಿಯಿಂದ 800 ಯೋಜನ ಎತ್ತರದಲ್ಲಿದೆಯೆಂದು ಗ್ರಂಥದ ಮಾತು. ಹಿರಿಯ ಯೋಜನದಿಂದ ಅದು 32 ಲಕ್ಷ ಮೈಲಿ. ಆಗ ಈ ಎರಡು ಊರುಗಳ ನೆರಳಿನ ಅಂತರ ಅಂಗುಲದ ಸಾವಿರದಲ್ಲೊಂದು ಭಾಗವೂ ಆಗದು. ಕಿರಿಯ ಯೋಜನದಿಂದ 6,400 ಮೈಲಿ. ಆಗಲೂ ಅಂತರ ಅಂಗುಲದ ಮೂರನೆಯ ಒಂದು ಭಾಗ ಮಾತ್ರ. ಕಣ್ಣಿಗೆ ಕಾಣುವುದು ಅರ್ಧ ಅಂಗುಲಕ್ಕಿಂತ ಹೆಚ್ಚು.

ಆದರೂ ಆಚಾರ್ಯರು ಆಕಾಶವನ್ನು ನೋಡದೆ ಬರೆದರೆಂದು ಯಾರೂ ತಿಳಿಯಬಾರದು. ಸೂರ್ಯನ 184 ವೀಥಿಗಳು, ಅಯನಕ್ಕೆ 183 ದಿನ, ಐದು ವರ್ಷದ ಯುಗಕ್ಕೆ 1,830 ದಿನ ಎಂಬ ಲೆಕ್ಕ ದೀರ್ಘಕಾಲದ ವೀಕ್ಷಣೆಯ ಫಲ. ಭೂಮಿಯ ಅಕ್ಷವು ಸುಮಾರು ಇಪ್ಪತ್ತಮೂರೂವರೆ ಅಂಶ ಓರೆಯಾಗಿರುವುದೇ ಈ ಉತ್ತರದಕ್ಷಿಣ ಚಲನೆಗೆ ಕಾರಣವೆಂಬುದು ಇಂದಿನ ವಿವರಣೆ. ಈ ಕಾರಣದಿಂದಲೇ ಕಡ್ಡಿರಾಂಪುರದಲ್ಲಿ ಮೇ ತಿಂಗಳ ಆದಿಯಲ್ಲೊಮ್ಮೆ, ಆಗಸ್ಟ್ ಎರಡನೆಯ ವಾರದಲ್ಲೊಮ್ಮೆ ಮಧ್ಯಾಹ್ನದ ಶಂಕುವಿಗೆ ನೆರಳೇ ಇರುವುದಿಲ್ಲ. ಆ ಅಕ್ಷದ ತುದಿ ಚಾಚಿರುವ ದಿಕ್ಕಿನಲ್ಲಿ ಧ್ರುವನಕ್ಷತ್ರವು ಅಲ್ಲಿಯ ದಿಗಂತದಿಂದ ಸುಮಾರು ಹದಿನೈದು ಅಂಶ ಮೇಲೆ ತೋರುತ್ತದೆ. ಕಂಡ ಸಂಗತಿ ಒಂದೇ, ಕಾರಣನಿರೂಪಣೆ ಬೇರೆ.

ಆದುದರಿಂದ ಲೋಕಾನುಯೋಗದ ಪ್ರತಿಗಳನ್ನು ಸಂಪಾದಿಸುವವರಲ್ಲಿ ನನ್ನ ವಿಜ್ಞಾಪನೆ ಇಷ್ಟೆ. ಓಲೆಯಲ್ಲಿದ್ದ ಸಂಖ್ಯೆಯನ್ನು ಇದ್ದಂತೆಯೇ ಅಚ್ಚುಮಾಡಿ, ಅದು ಯಾವ ಅಂಗುಲದ ಲೆಕ್ಕವೆಂಬುದನ್ನು ಹೇಳಬೇಕು. ಮೈಲಿಯ ಲೆಕ್ಕ ತಮ್ಮದಾದರೆ ತಮ್ಮದೆಂದೇ ಬರೆಯಬೇಕು. ಗ್ರಂಥದ ಗೌರವವನ್ನು ಉಳಿಸಲೆಂದು ಶಂಕುವಿನ ನೆರಳನ್ನು ಮರೆಮಾಚುವ ಅಗತ್ಯವಿಲ್ಲ. ಪ್ರತ್ಯಕ್ಷವನ್ನು ಪ್ರಮಾಣವೆಂದು ಒಪ್ಪಿದ ಪರಂಪರೆ ನಮ್ಮದು.