ಹೊಯ್ಸಳ ರಾಜ್ಯದ ಪತನ: ಒಂದು ಪ್ರಚಲಿತ ಅಭಿಪ್ರಾಯದ ವಿಮರ್ಶೆ

ಹೊಯ್ಸಳ ರಾಜ್ಯವು ಕ್ರಿ. ಶ. 1311ರಲ್ಲಿ ಮಲಿಕ್ ಕಾಫರನ ದಂಡಯಾತ್ರೆಯಿಂದ ಅಳಿಯಿತೆಂಬ ಮಾತು ವಿದ್ಯಾರ್ಥಿಗಳ ಉತ್ತರಗಳಲ್ಲಿ ಮತ್ತೆ ಮತ್ತೆ ಕಾಣಬರುತ್ತದೆ. ಈ ಅಭಿಪ್ರಾಯವು ಕಾಲಗಣನೆಯ ಮುಂದೆಯೇ ನಿಲ್ಲಲಾರದು. ಆ ದಾಳಿಯ ತರುವಾಯವೂ ಮೂರನೆಯ ಬಲ್ಲಾಳನು ಮೂವತ್ತು ವರ್ಷಗಳಿಗೂ ಮಿಕ್ಕಿ ಆಳಿದನು. ಆದುದರಿಂದ ಪತನದ ಮೂಲಕಾರಣವನ್ನು ನಾವು ಬೇರೆಡೆಯಲ್ಲಿ ಅರಸಬೇಕಾಗಿದೆ.

ಈ ಮನೆತನದ ನೆಲೆ ಮಲೆನಾಡು. ಮೂಡಿಗೆರೆ ತಾಲ್ಲೂಕಿನ ಅಂಗಡಿಯೇ ಶಾಸನೋಕ್ತ ಸೊಸೆವೂರು. ಚಾಲುಕ್ಯರ ಸಾಮಂತರಾಗಿದ್ದ ಈ ಅರಸರು ‘ಮಲೆಪರೊಳ್ಗಂಡ’ ಎಂಬ ಬಿರುದನ್ನು ಸಾರ್ವಭೌಮರಾದ ಮೇಲೂ ತೊರೆಯಲಿಲ್ಲ. ವಿಷ್ಣುವರ್ಧನನು 1116ರ ಸುಮಾರಿಗೆ ಚೋಳರಿಂದ ತಲಕಾಡನ್ನು ಗೆದ್ದನು. ಇಮ್ಮಡಿ ಬಲ್ಲಾಳನು ಸೊರಟೂರಿನಲ್ಲಿ ಸೇವುಣರ ಭಿಲ್ಲಮನನ್ನು ಸೋಲಿಸಿದನು. ಈ ಎರಡು ಗೆಲವುಗಳೂ ಕನ್ನಡನಾಡಿನ ಎಲ್ಲೆಯೊಳಗೆ ರಾಜ್ಯವನ್ನು ಭದ್ರಗೊಳಿಸಿದವು.

ತರುವಾಯದ ನಡೆ ಬೇರೆ. ಇಮ್ಮಡಿ ನರಸಿಂಹನು 1231ರ ಸುಮಾರಿಗೆ ಕೊಪ್ಪೆರುಂಜಿಂಗನ ಸೆರೆಯಿಂದ ಚೋಳ ರಾಜರಾಜನನ್ನು ಬಿಡಿಸಿ ದಕ್ಷಿಣದಲ್ಲಿ ಪ್ರತಿಷ್ಠೆಯನ್ನು ಗಳಿಸಿದನು. ಆತನ ಮಗ ಸೋಮೇಶ್ವರನು ಶ್ರೀರಂಗದ ಬಳಿಯ ಕಣ್ಣನೂರಿನಲ್ಲಿಯೇ ನೆಲೆಸಿದನು. ಕಾವೇರಿ ಬಯಲಿನ ಸಂಪತ್ತು ಸಾಮಾನ್ಯವಾದುದಲ್ಲ. ಆದರೆ ಅದಕ್ಕೆ ತೆತ್ತ ಬೆಲೆ ಹಿರಿದು. ಅತ್ತ ಸೇವುಣರ ಸಿಂಘಣನು ತುಂಗಭದ್ರೆಯ ಉತ್ತರದ ಪ್ರದೇಶವನ್ನು ಕೈವಶಮಾಡಿಕೊಂಡಿದ್ದನು. 1254ರ ಸುಮಾರಿಗೆ ರಾಜ್ಯವೇ ಇಬ್ಭಾಗವಾಯಿತು: ದೋರಸಮುದ್ರವು ಮುಮ್ಮಡಿ ನರಸಿಂಹನಿಗೆ, ಕಣ್ಣನೂರು ರಾಮನಾಥನಿಗೆ. ಅಣ್ಣತಮ್ಮಂದಿರ ಕಲಹವು ಬೆಳೆಯಿತು. 1276ರಲ್ಲಿ ಸೇವುಣರ ಸೇನೆಯು ದೋರಸಮುದ್ರದ ಸಮೀಪಕ್ಕೇ ಬಂದಿತು. ಅದನ್ನು ಹಿಮ್ಮೆಟ್ಟಿಸಿದರಾದರೂ ರಾಜ್ಯದ ದೌರ್ಬಲ್ಯವು ಬಯಲಾಯಿತು. ಎರಡು ಭಾಗಗಳು ಮತ್ತೆ ಕೂಡಿದುದು 1300ರ ಸುಮಾರಿಗೆ, ಮೂರನೆಯ ಬಲ್ಲಾಳನ ಕಾಲದಲ್ಲಿ.

ದೆಹಲಿಯ ದಾಳಿಗಳು ಬೊಕ್ಕಸವನ್ನು ಬರಿದುಮಾಡಿದುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ 1311ರಲ್ಲಿ ಕಾಫರನು ಬಂದಾಗ ಬಲ್ಲಾಳನು ಎಲ್ಲಿದ್ದನು? ಪಾಂಡ್ಯ ಸೋದರರ ಕಲಹದಲ್ಲಿ ಲಾಭವನ್ನರಸಿ ತಮಿಳುನಾಡಿಗೆ ತೆರಳಿದ್ದನು. 1327ರ ತುಘಲಕ್ ದಾಳಿಯ ಅನಂತರವೂ ತಿರುವಣ್ಣಾಮಲೆಯನ್ನು ನೆಲೆಮಾಡಿಕೊಂಡು ದಕ್ಷಿಣದಲ್ಲಿಯೇ ಹೋರಾಡಿದನು. 1342ರಲ್ಲಿ ಆತನು ಮುತ್ತಿದ ಕೋಟೆಯೂ ಕಣ್ಣನೂರೇ. ಕೋಟೆಯವರಿಗೆ ಕದನವಿರಾಮವಿತ್ತು ಅಜಾಗರೂಕನಾಗಿದ್ದಾಗ ಮಧುರೆಯ ಸುಲ್ತಾನನು ಮೇಲೆರಗಿ ಆತನನ್ನು ಸೆರೆಹಿಡಿದು ಕೊಲ್ಲಿಸಿದನೆಂದು ಇಬ್ನ್ ಬತೂತನು ಬರೆದಿದ್ದಾನೆ. ನಾಲ್ಕನೆಯ ಬಲ್ಲಾಳನ ಆಳ್ವಿಕೆಯು 1346ರ ವೇಳೆಗೆ ಕೊನೆಗೊಂಡಿತು. ಅದೇ ವರ್ಷದ ಶೃಂಗೇರಿಯ ಶಾಸನದಲ್ಲಿ ಸಂಗಮನ ಮಕ್ಕಳ ಪ್ರಾಬಲ್ಯವು ಸ್ಪಷ್ಟವಾಗಿದೆ.

ಹೀಗೆ ನೋಡಿದರೆ ದೆಹಲಿಯ ಸೇನೆಯು ಈ ರಾಜ್ಯವನ್ನು ಬಡವಾಗಿಸಿತು, ಕೊನೆಗಾಣಿಸಲಿಲ್ಲ. ಮೂಲನೆಲೆಯಿಂದ ದೂರವಾದ ಪ್ರದೇಶದಲ್ಲಿ ನೂರು ವರ್ಷಗಳ ಕಾಲ ಶಕ್ತಿಯನ್ನು ವ್ಯಯಿಸಿದ ರಾಜನೀತಿಯೇ ಅದರ ಅವನತಿಗೆ ಪ್ರಧಾನ ಕಾರಣವೆಂಬುದು ನಮ್ಮ ಅಭಿಮತ. ಪತನದ ಹೊಣೆಯನ್ನೆಲ್ಲ ಹೊರಗಿನ ಶತ್ರುವಿನ ಮೇಲೆ ಹೊರಿಸುವುದು ಸುಲಭ; ಆದರೆ ಹಾಗೆ ಮಾಡಿದಲ್ಲಿ, ಅರಸರ ಆಯ್ಕೆಗಳನ್ನು ಪರಿಶೀಲಿಸುವ ಹೊಣೆಯಿಂದ ಇತಿಹಾಸಕಾರನೇ ನುಣುಚಿಕೊಂಡಂತಾಗುತ್ತದೆ.