ನೀರಿನ ಜಾಡು ಬಿಟ್ಟ ಸೈಕಲ್ ದಾರಿಗಳು

ಮಧುಗಿರಿ ಸೀಮೆಯಲ್ಲಿ ಗ್ರಾವೆಲ್ ಸೈಕಲ್ ತುಳಿಯುವವರು ಒಬ್ಬರಿಗೊಬ್ಬರು ಹಂಚಿಕೊಳ್ಳುವ ಮಾರ್ಗಗಳಲ್ಲಿ ಒಂದು ಚಾಳಿ ಎದ್ದು ಕಾಣುತ್ತದೆ. ಬಹಳಷ್ಟು ಮಾರ್ಗಗಳು ಬೆಟ್ಟದಿಂದ ಬೆಟ್ಟಕ್ಕೆ, ಕೋಟೆಯಿಂದ ಕೋಟೆಗೆ ಎಳೆದ ಗೆರೆಗಳು. ಚನ್ನರಾಯನದುರ್ಗ, ಮಧುಗಿರಿಯ ಏಕಶಿಲೆ, ಮಿಡಿಗೇಶಿ, ಪಾವಗಡ. ಮಧುಗಿರಿ ಬೆಟ್ಟ 3,930 ಅಡಿ ಎತ್ತರದ ಬಂಡೆ, ಹತ್ತಾರು ಕಿಲೋಮೀಟರ್ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಹಾಗಾಗಿ ಅದನ್ನು ಗುರಿಯಾಗಿಟ್ಟುಕೊಂಡು ಹೊರಡುವುದು ಸಹಜ. ಆದರೆ ಸೈಕಲ್ಲಿಗೆ ಬೇಕಾದ ದಾರಿ ಬೆಟ್ಟದ ಕಡೆಯಿಂದ ಬರುವುದಿಲ್ಲ. ಕೊರಟಗೆರೆ, ಮಧುಗಿರಿ, ಸಿರಾ, ಪಾವಗಡ, ಈ ನಾಲ್ಕು ತಾಲ್ಲೂಕುಗಳಲ್ಲಿ ಒಳ್ಳೆಯ ದಾರಿ ಹಾಕಿಕೊಟ್ಟಿರುವುದು ನೀರು, ಅಂದರೆ ಕೆರೆಗಳು.

ಗ್ರಾವೆಲ್ ಸವಾರಿಗೆ ಜಗತ್ತಿನಲ್ಲಿ ಹೆಸರು ತಂದ ಸ್ಪರ್ಧೆ 2006ರಲ್ಲಿ ಅಮೆರಿಕದ ಕ್ಯಾನ್ಸಸ್ ರಾಜ್ಯದ ಎಂಪೋರಿಯಾ ಊರಿನಿಂದ ಶುರುವಾಯಿತು. ಅದರ ಮುಖ್ಯ ಓಟ 200 ಮೈಲಿ, ಸುಮಾರು 320 ಕಿ.ಮೀ. ಅಲ್ಲಿನ ಮಣ್ಣು ರಸ್ತೆಗಳನ್ನು ಭೂಮಾಪಕರು ಚೌಕ ಚೌಕವಾಗಿ ಎಳೆದಿದ್ದಾರೆ. ಎಷ್ಟು ದೂರ ಬೇಕೋ ಅಷ್ಟು ದೂರ ನೆಟ್ಟಗೆ ತುಳಿಯಬಹುದು. ಆ ಅಳತೆಗೋಲನ್ನೇ ತಂದು ನಮ್ಮ ಸವಾರರು ದಿನಕ್ಕೆ ಎಷ್ಟು ಕಿಲೋಮೀಟರ್, ಎಷ್ಟು ಮೀಟರ್ ಏರಿಕೆ ಎಂದು ಲೆಕ್ಕ ಹಾಕುತ್ತಾರೆ. ಲೆಕ್ಕ ತುಂಬಲು ಕೊರಟಗೆರೆ–ಮಧುಗಿರಿ ಡಾಂಬರು ರಸ್ತೆಯನ್ನೋ, ಸಿರಾ–ಮಧುಗಿರಿ ನಡುವಿನ ರಾಷ್ಟ್ರೀಯ ಹೆದ್ದಾರಿ 69ನ್ನೋ ಸೇರಿಸಿಕೊಂಡು, ಲಾರಿಗಳ ಪಕ್ಕದಲ್ಲಿ ಉಸಿರು ಬಿಗಿಹಿಡಿದು ಹೋಗುತ್ತಾರೆ. ಪಕ್ಕದಲ್ಲೇ ಕೆರೆ ಕೆಳಗಿನ ಬಂಡಿ ಜಾಡು ಖಾಲಿ ಬಿದ್ದಿರುತ್ತದೆ.

ನಮ್ಮ ಹಿರಿಯರು ಕೆರೆಗಳನ್ನು ಒಂಟಿಯಾಗಿ ಕಟ್ಟಲಿಲ್ಲ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಹಳ್ಳ ಹಿಡಿದು ಕೆಳಗಿನ ಕೆರೆಗೆ, ಅದು ತುಂಬಿದರೆ ಮುಂದಿನದಕ್ಕೆ. ಏರಿ ದಾಟಿದರೆ ತೂಬು, ತೂಬಿನ ಕೆಳಗೆ ಕಾಲುವೆ, ಅಚ್ಚುಕಟ್ಟು, ಗದ್ದೆ ಬಯಲಿನ ಅಂಚಿಗೆ ಊರು. ಊರಿನಿಂದ ಗದ್ದೆಗೆ, ಗದ್ದೆಯಿಂದ ಏರಿಗೆ, ಏರಿಯಿಂದ ಪಕ್ಕದ ಊರಿಗೆ ಬಂಡಿ ಓಡಾಡಿ ಆದ ದಾರಿಗಳಿವು. ಇವುಗಳ ಏರಿಳಿತ ತುಳಿಯುವವನಿಗೆ ಹೇಳಿ ಮಾಡಿಸಿದಂತಿದೆ: ದಿಣ್ಣೆ ಹತ್ತಿ ಇಳಿದರೆ ಒಂದು ಕೆರೆ, ಏರಿಯುದ್ದಕ್ಕೂ ಸಮತಟ್ಟು, ಮತ್ತೆ ದಿಣ್ಣೆ. ಇಲ್ಲಿನ ಕಲ್ಲು ಶಿಥಿಲವಾಗಿ ಉದುರಿದ ಗರಸು ಮಳೆ ನೀರನ್ನು ಬೇಗ ಕುಡಿಯುತ್ತದೆ. ರಾತ್ರಿ ಮಳೆ ಸುರಿದರೂ ಬೆಳಿಗ್ಗೆ ಚಕ್ರ ಹೂಳುವುದಿಲ್ಲ. ಕೆರೆಯಂಗಳದ ಗೋಡು ಮಾತ್ರ ಬೇರೆಯೇ ಜಾತಿ. ಒದ್ದೆಯಿದ್ದಾಗ ಅದರ ಮೇಲೆ ಹತ್ತು ಮಾರು ಹೋದರೆ ಟೈರಿಗೂ ಫೋರ್ಕಿಗೂ ನಡುವೆ ಮಣ್ಣು ಗಟ್ಟಿಯಾಗಿ ಮೆತ್ತಿ, ಚಕ್ರ ತಿರುಗುವುದೇ ನಿಂತುಹೋಗುತ್ತದೆ. ಕಡ್ಡಿ ಹಿಡಿದು ಕೆರೆಯುತ್ತ ಕೂರಬೇಕು. ಬೇಸಿಗೆಯಲ್ಲಿ ರೈತರು ಗೋಡು ತುಂಬಿಸಿಕೊಂಡು ಹೊಲಕ್ಕೆ ಹೊಡೆಯುವಾಗ ಟ್ರ್ಯಾಕ್ಟರ್ ಚಕ್ರಗಳು ಕೆರೆಯ ಬಾಯಿಯ ದಾರಿಯನ್ನು ಮೊಣಕಾಲುದ್ದ ಕೊರೆದಿರುತ್ತವೆ. ಉಪಗ್ರಹ ಚಿತ್ರ ನೋಡಿ ಕುಳಿತಲ್ಲೇ ಮಾರ್ಗ ಹಾಕುವವರಿಗೆ ಇದು ಕಾಣುವುದಿಲ್ಲ. ಆದ್ದರಿಂದ ತಿಂಗಳು ನಮೂದಿಸದ ಮಾರ್ಗವನ್ನು ನಾನು ಅರ್ಧ ಮಾರ್ಗ ಎಂದೇ ಎಣಿಸುತ್ತೇನೆ.

ಏರಿಯ ಹೊರಮೈಯಲ್ಲಿ ಸೈಕಲ್ ಇಳಿಸುವವರ ಬಗ್ಗೆ ನನ್ನ ಆಕ್ಷೇಪ ಗಟ್ಟಿಯಾಗಿಯೇ ಇದೆ. ಏರಿ ಮಣ್ಣಿನ ಕಟ್ಟೆ. ಒಳಮೈಗೆ ಕಲ್ಲು ಹಾಸಿದ್ದರೂ ಹೊರಮೈ ಬರೀ ಮಣ್ಣು. ಕೆರೆ ತುಂಬಿರುವ ಮಳೆಗಾಲದಲ್ಲಿ ಹತ್ತಿಪ್ಪತ್ತು ಜನ ಸಾಲಾಗಿ ಹೊರಮೈಯ ಕಾಲುದಾರಿಯಲ್ಲಿ ಬ್ರೇಕ್ ಒತ್ತಿಕೊಂಡು ಇಳಿದರೆ ಅಲ್ಲಿ ಸೀಳು ಬೀಳುತ್ತದೆ, ಮುಂದಿನ ಮಳೆಯ ನೀರು ಅದೇ ಸೀಳಿನಲ್ಲಿ ಹರಿಯುತ್ತದೆ. 2022ರಲ್ಲಿ ಈ ಭಾಗದ ಕೆರೆಗಳು ಕೋಡಿ ಬಿದ್ದು ಜಯಮಂಗಲಿ ನದಿ ಮೈದುಂಬಿ ಹರಿದಾಗ ಎಷ್ಟೋ ಊರವರಿಗೆ ಏರಿಯದೇ ಚಿಂತೆಯಾಗಿತ್ತು. ಏರಿಯ ನೆತ್ತಿಯಲ್ಲಿ ಹೋಗಿ, ಕೋಡಿಯ ಬಳಿ ಸೈಕಲ್ ಹೊತ್ತು ಇಳಿಯುವುದು ಸರಿಯಾದ ಕ್ರಮ. ದಾರಿ ಕೇಳಿದರೆ ಕುರಿಯವರೂ ಅದನ್ನೇ ಹೇಳುತ್ತಾರೆ: "ಅಂಗೇ ಏರಿ ಮ್ಯಾಲೆ ಹೋಗಿ ಸ್ವಾಮಿ, ಕೋಡಿ ತಾವ ಇಳ್ಕೊಳಿ."

ನಾಲ್ಕರಲ್ಲಿ ಕೊರಟಗೆರೆ ತಾಲ್ಲೂಕೇ ಸವಾರನಿಗೆ ಹೆಚ್ಚು ದಯೆ ತೋರಿಸುತ್ತದೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿಯ ಬಯಲು, ತೀತಾ ಜಲಾಶಯ, ಗೊರವನಹಳ್ಳಿ, ಅಡಿಕೆ ತೆಂಗಿನ ತೋಟಗಳ ನೆರಳು, ಎದುರಿಗೆ ಸಿದ್ಧರಬೆಟ್ಟ. ಹೊಸಬರನ್ನು ಇಲ್ಲಿಗೆ ಕರೆದುಕೊಂಡು ಬರಬೇಕು. ಮಧುಗಿರಿಯಲ್ಲಿ ಬೆಟ್ಟದ ಬುಡದ ಚೋಳೇನಹಳ್ಳಿ ಕೆರೆ, ಸಿದ್ದಾಪುರ ಕೆರೆಗಳ ಕಡೆಯಿಂದ ಹೊರಟು ಹುಣಸೆ ಮರಗಳ ಸಾಲು ಹಿಡಿದರೆ ಬೆಟ್ಟವೇ ದಿನವಿಡೀ ಮಗ್ಗುಲು ಬದಲಿಸುತ್ತ ಜೊತೆಗಿರುತ್ತದೆ. ಆ ನೋಟ ತುದಿ ಹತ್ತಿದವರಿಗೆ ಸಿಗುವುದಿಲ್ಲ.

ಪೂರ್ವಕ್ಕೆ ಮೈದನಹಳ್ಳಿಯ ಕಾವಲನ್ನು ಮಾರ್ಗದೊಳಕ್ಕೆ ಸೇರಿಸುವುದನ್ನು ಮಾತ್ರ ಒಪ್ಪಲಾರೆ. 798 ಎಕರೆಯ ಈ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಘೋಷಿಸಲಾಗಿದೆ. ಜಿಂಕೆ ಓಡಿಸಿಕೊಂಡು ತೆಗೆದ ವಿಡಿಯೋ ಯಾವ ಸವಾರಿಗೂ ಕಿರೀಟವಲ್ಲ. ಹೊರಗಿನ ಹಳ್ಳಿ ರಸ್ತೆಯಲ್ಲಿ ನಿಂತರೂ ಅವು ಕಾಣುತ್ತವೆ. ಸಿರಾ ತಾಲ್ಲೂಕಿನ ಕಗ್ಗಲಡುವಿಗೂ ಇದೇ ಮಾತು. ಅಲ್ಲಿ ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ, ಊರವರು ಅವನ್ನು ಕಾಯ್ದುಕೊಂಡು ಬಂದಿದ್ದಾರೆ. ಗೂಡಿನಲ್ಲಿ ಮರಿಗಳಿರುವಾಗ ಸೈಕಲ್ ತಳ್ಳಿಕೊಂಡು ಊರು ದಾಟಿದರೆ ಕಳೆದುಕೊಳ್ಳುವುದು ಹತ್ತು ನಿಮಿಷ.

ಸಿರಾದ ಮಾರ್ಗಗಳಿಗೆ ಹೆದ್ದಾರಿ 48 ದೊಡ್ಡ ಅಡ್ಡಿ. ಅದನ್ನು ದಾಟುವುದನ್ನು ಬಿಟ್ಟರೆ ಇಲ್ಲಿನ ಕಥೆಯೂ ನೀರಿನದೇ. ಹೇಮಾವತಿ ನಾಲೆಯ ನೀರು ಕಳ್ಳಂಬೆಳ್ಳ, ಸಿರಾ ಕೆರೆಗಳಿಗೆ ಬರುತ್ತದೆ. ಅದು ಮದಲೂರು ಕೆರೆಗೂ ಹರಿಯಬೇಕೆಂಬುದು ಜನರ ಹಳೆಯ ಹಕ್ಕೊತ್ತಾಯ, 2020ರ ಸಿರಾ ಉಪಚುನಾವಣೆಯಲ್ಲಿ ಅದೇ ದೊಡ್ಡ ಭರವಸೆಯಾಗಿತ್ತು. ಕಳ್ಳಂಬೆಳ್ಳದಿಂದ ಮದಲೂರಿನವರೆಗೆ ಒಂದು ದಿನ ತುಳಿದವರಿಗೆ ಆ ಭರವಸೆಯ ತೂಕ ಕಾಲಿಗೇ ತಿಳಿಯುತ್ತದೆ. ಯಾರಾದರೂ ಆ ಮಾರ್ಗವನ್ನು ಚೆನ್ನಾಗಿ ಗುರುತಿಸಿ ಕೊಟ್ಟರೆ ನಾನು ಅದನ್ನು ಎಲ್ಲ ಕೋಟೆ ಮಾರ್ಗಗಳಿಗಿಂತ ಮೇಲಿಡುತ್ತೇನೆ.

ಸಲಕರಣೆಯ ಚರ್ಚೆಗೆ ಸವಾರರು ಖರ್ಚು ಮಾಡುವ ಹೊತ್ತು ಅತಿಯಾಯಿತು. 40 ಮಿಲಿಮೀಟರ್ ಆಸುಪಾಸಿನ ಟೈರು, ಜಾಲಿ ಮುಳ್ಳು ಹೊಕ್ಕರೆ ತಾನೇ ತೂತು ಮುಚ್ಚುವ ಅಂಟುದ್ರವ, ಇಷ್ಟು ಸಾಕು. ಸರ್ಕಾರ 2006–07ರಿಂದ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡತೊಡಗಿದಾಗ ಇದೇ ಗರಸು ದಾರಿಗಳಲ್ಲಿ ಹೆಣ್ಣುಮಕ್ಕಳು ಚೀಲ ಕಟ್ಟಿಕೊಂಡು ಹೈಸ್ಕೂಲಿಗೆ ಹೋದರು, ಗೇರಿಲ್ಲದ ಸೈಕಲ್‌ನಲ್ಲೇ. ದಾರಿಯ ಗುಣ ಅವರಿಗೆ ಗೊತ್ತಿರುವಷ್ಟು ಯಾವ ಆ್ಯಪಿಗೂ ಗೊತ್ತಿಲ್ಲ. ಗ್ರಾಮ ಸಡಕ್ ಯೋಜನೆ ಬಂದು ಇಂಥ ಎಷ್ಟೋ ದಾರಿಗಳಿಗೆ ಡಾಂಬರು ಬಿತ್ತು. ಸವಾರನಿಗೆ ಅದು ನಷ್ಟ ಎಂದು ಗೊಣಗುವವರ ಜೊತೆ ನಾನಿಲ್ಲ. ಬಾಣಂತಿಯನ್ನು ಆಸ್ಪತ್ರೆಗೆ ಒಯ್ಯುವ ಆಂಬ್ಯುಲೆನ್ಸ್ ಮೊದಲು, ನಮ್ಮ ಟೈರು ಆಮೇಲೆ.

ಪಾವಗಡವನ್ನು ಬಹಳ ಮಂದಿ ಒಣ ನೆಲ ಎಂದು ಕೈಬಿಡುತ್ತಾರೆ. ನನಗೆ ಅದೇ ಎಲ್ಲಕ್ಕಿಂತ ಗಂಭೀರವಾದ ಸವಾರಿ. ಮೂರು ಕಡೆ ಆಂಧ್ರದಿಂದ ಸುತ್ತುವರಿದ ತಾಲ್ಲೂಕು, ಹಳ್ಳಿಗಳಲ್ಲಿ ಕನ್ನಡದಷ್ಟೇ ತೆಲುಗು, ಕಡಲೆಕಾಯಿ ಹೊಲಗಳು, ನಿಡಗಲ್ಲಿನ ದುರ್ಗ, ಉತ್ತರ ಪಿನಾಕಿನಿಯ ದಡದ ನಾಗಲಮಡಿಕೆ. ತಿರುಮಣಿಯ ಸುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೌರ ವಿದ್ಯುತ್ ಪಾರ್ಕ್ ಹಬ್ಬಿದೆ. ರೈತರು ಜಮೀನು ಮಾರಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಕೊಟ್ಟರು. ಫಲಕಗಳ ನಡುವಿನ ನೇರ ದಾರಿಗಳಲ್ಲಿ ಫೋಟೋ ತೆಗೆದುಕೊಂಡು ವಾಪಸಾಗುವ ಸವಾರಿಗಳು ಇಲ್ಲಿ ಮುಖ್ಯವಾದದ್ದನ್ನೇ ಬಿಡುತ್ತವೆ: ಬೇಲಿಯೊಳಗೆ ಸೇರಿದ ಬಂಡಿ ಜಾಡುಗಳು, ಸುತ್ತು ಹಾಕಿ ಹೋಗಬೇಕಾದ ಕುರಿಹಿಂಡುಗಳು, ಬೇಲಿಯ ಆಚೆ ಉಳಿದ ಸಣ್ಣ ಕೆರೆಗಳು.

ಇಲ್ಲಿ ಮಾರ್ಗ ಹಾಕುವವರು ಎಲ್ಲಕ್ಕಿಂತ ಮೊದಲು ಕುಡಿಯುವ ನೀರು ಸಿಗುವ ಊರುಗಳನ್ನು ಗುರುತಿಸಬೇಕು. ಪಾವಗಡದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಸಿಕ್ಕ ಕೊಳಾಯಿಯಲ್ಲಿ ಬಾಟಲಿ ತುಂಬಿಕೊಳ್ಳುವಂತಿಲ್ಲ. ಊರ ಶುದ್ಧ ನೀರಿನ ಘಟಕವೇ ಗತಿ. ನಾಣ್ಯ ಹಾಕಿದರೆ ಒಂದೇ ಧಾರೆಗೆ ಒಂದು ಕ್ಯಾನು ನೀರು ಬೀಳುತ್ತದೆ, ಸವಾರನ ಬಾಟಲಿ ಲೀಟರೂ ಹಿಡಿಯುವುದಿಲ್ಲ. ನಾಣ್ಯ ಹಾಕುವ ಮುಂಚೆ ಸಾಲಿನಲ್ಲಿರುವ ಅಕ್ಕನ ಕ್ಯಾನನ್ನು ಕೊಳಾಯಿಯ ಕೆಳಗಿಟ್ಟುಕೊಂಡು, ಅದು ತುಂಬಿದ ಮೇಲೆ ಅದರಿಂದಲೇ ಬಾಟಲಿಗೆ ಬಗ್ಗಿಸಿಕೊಳ್ಳಬೇಕು.