ಕೆಂಪು ಬಣ್ಣದ ಷರಾ

ಭೂಪಟ ಎಂಬ ಮಾತು ನಮ್ಮ ಕನ್ನಡಕ್ಕೂ ನೆರೆಯ ಮಲಯಾಳಕ್ಕೂ ಸಮಾನವಾದುದು. ಪಟವೆಂದರೆ ಚಿತ್ರ. ಚಿತ್ರವೆಂದ ಮೇಲೆ ಅದನ್ನು ಬರೆದವನೊಬ್ಬ ಇರಲೇಬೇಕು. ಅವನಿಗೊಂದು ಉದ್ದೇಶ, ಒಂದಿಷ್ಟು ಪೂರ್ವಗ್ರಹವೂ ಇರಬಹುದು. ಕತೆ ಕವಿತೆಗಳನ್ನು ಓದುವಾಗ ನಾವು ಇದನ್ನು ಮರೆಯುವುದಿಲ್ಲ. ಭೂಪಟದ ಎದುರು ಮಾತ್ರ ಮರೆಯುತ್ತೇವೆ. ಸರಕಾರದ ಮೊಹರಿದ್ದರೆ ನೆಲದ ಮೇಲೆ ಇರುವುದನ್ನೇ ಅದು ತೋರಿಸುತ್ತದೆಂದು ನಂಬಿಬಿಡುತ್ತೇವೆ. 1956ರಲ್ಲಿ ಎಳೆದ ಗೆರೆಯ ಈಚೆಗೆ ಉಳಿದುಹೋದ ನಾವಾದರೂ ಹಾಗೆ ನಂಬಬಾರದು.

ಅಮೆರಿಕದ ನಗರಗಳ ಕೆಲವು ಹಳೆಯ ಭೂಪಟಗಳನ್ನು ಒಂದು ಕೃತಿಯಂತೆ ಓದಿ ನೋಡುವ ಪ್ರಯತ್ನ ಈ ಲೇಖನ. ನಾನು ಭೂಗೋಳ ಬಲ್ಲವನಲ್ಲ, ಬ್ಯಾಂಕಿನ ಗುಮಾಸ್ತ. ಆದರೆ ಈ ಭೂಪಟಗಳು ಹುಟ್ಟಿದ್ದು ಸಾಲದ ವ್ಯವಹಾರದಲ್ಲಿ. ಆದುದರಿಂದ ಅವುಗಳ ಭಾಷೆ ನನಗೆ ಪರಿಚಿತವೇ.

1929ರ ಆರ್ಥಿಕ ಕುಸಿತದ ಬಳಿಕ ಅಡಮಾನದ ಕಂತು ಕಟ್ಟಲಾಗದೆ ಅಮೆರಿಕದ ಲಕ್ಷಾಂತರ ಕುಟುಂಬಗಳು ಮನೆ ಕಳೆದುಕೊಳ್ಳುವ ಸ್ಥಿತಿಗೆ ಬಂದವು. ಅಧ್ಯಕ್ಷ ರೂಸ್‌ವೆಲ್ಟರ ಸರಕಾರ 1933ರಲ್ಲಿ ಮನೆಮಾಲಿಕರ ಸಾಲ ನಿಗಮವನ್ನು ಸ್ಥಾಪಿಸಿ, ಸುಮಾರು 10 ಲಕ್ಷ ಮನೆಸಾಲಗಳನ್ನು ಹೊಸ ಕಂತುಗಳಿಗೆ ಬದಲಾಯಿಸಿಕೊಟ್ಟಿತು. ಒಳ್ಳೆಯ ಕೆಲಸವೇ. ಅದೇ ನಿಗಮ 1935ರಿಂದ 1940ರವರೆಗೆ 200ಕ್ಕೂ ಹೆಚ್ಚು ನಗರಗಳ ಭೂಪಟ ತಯಾರಿಸಿತು. ಊರಿನ ಮನೆ ದಳ್ಳಾಳಿಗಳೂ ಸಾಲ ಕೊಡುವವರೂ ಹೇಳಿದ್ದನ್ನು ಕೇಳಿ ಪ್ರತಿ ಪ್ರದೇಶಕ್ಕೂ ಒಂದು ದರ್ಜೆ, ಒಂದು ಬಣ್ಣ. ಹಸಿರು ಉತ್ತಮ; ನೀಲಿ ಅಡ್ಡಿಯಿಲ್ಲ; ಹಳದಿ ಇಳಿಮುಖ; ಕೆಂಪು ಅಪಾಯಕಾರಿ.

ಬಣ್ಣಗಳನ್ನಷ್ಟೇ ನೋಡಿದರೆ ಇದು ಮನೆಗಳ ಸ್ಥಿತಿಗತಿಯ ಲೆಕ್ಕವೆಂದು ತೋರುತ್ತದೆ. ಆದರೆ ಪ್ರತಿ ಪ್ರದೇಶಕ್ಕೂ ಒಂದು ವಿವರಣೆಯ ಹಾಳೆಯಿದೆ. ನಿಜವಾದ ಪಠ್ಯ ಅದೇ. ಅದರಲ್ಲಿ ಮನೆಗಳ ವಯಸ್ಸು, ಬೆಲೆ, ಬಾಡಿಗೆಗಳ ಜತೆಗೆ ಇನ್ನು ಕೆಲವು ಕಾಲಮುಗಳು: ವಿದೇಶದಲ್ಲಿ ಹುಟ್ಟಿದವರು ಶೇಕಡಾ ಎಷ್ಟು? ಕಪ್ಪು ಜನ ಇದ್ದಾರೆಯೇ, ಇದ್ದರೆ ಶೇಕಡಾ ಎಷ್ಟು? ಯಾರ 'ನುಸುಳುವಿಕೆ' ನಡೆಯುತ್ತಿದೆ? ಈ ಕೊನೆಯ ಮಾತನ್ನು ಗಮನಿಸಬೇಕು. ಬಾಡಿಗೆ ಕೊಟ್ಟು, ಇಲ್ಲವೇ ಬೆಲೆ ಕೊಟ್ಟು ಒಂದು ಕುಟುಂಬ ಒಂದು ಮನೆಗೆ ಬಂದರೆ ಅದು ನುಸುಳುವಿಕೆ ಆಗುವುದು ಹೇಗೆ? ಉತ್ತರ ಬರೆಯುವ ಮೊದಲೇ ತೀರ್ಪು ಪ್ರಶ್ನೆಯೊಳಗೆ ಕೂತಿದೆ. ಕಪ್ಪು ಜನ ಹೆಚ್ಚಾಗಿ ನೆಲೆಸಿದ್ದ ಪ್ರದೇಶಗಳೆಲ್ಲ ಬಹುತೇಕ ಕೆಂಪಾದವು. ಬಡ ಬಿಳಿಯರ ಬೀದಿಗಳೂ ಅನೇಕ ಕಡೆ ಅದೇ ಬಣ್ಣದೊಳಗೆ ಸೇರಿದವು.

ಇದಕ್ಕಿಂತ ಮೊದಲಿನ ಒಂದು ಭೂಪಟವನ್ನು ಪಕ್ಕದಲ್ಲಿಟ್ಟು ನೋಡಬಹುದು. ಚಾರ್ಲ್ಸ್ ಬೂತ್ ಎಂಬ ಹಡಗು ವ್ಯಾಪಾರಿ ಲಂಡನಿನ ಬಡತನದ ಭೂಪಟವನ್ನು 1889ರಿಂದ ಪ್ರಕಟಿಸತೊಡಗಿದ. ಬೀದಿಗೊಂದು ಬಣ್ಣ, ಒಟ್ಟು ಏಳು. ಲಂಡನಿನ ಜನರಲ್ಲಿ ಶೇಕಡಾ 30.7 ಮಂದಿ ಬಡತನದಲ್ಲಿದ್ದಾರೆಂದು ಅವನ ಲೆಕ್ಕ ಹೇಳಿತು. ಅವನ ಉದ್ದೇಶ ತಿಳಿಯುವುದು; ನಿಗಮದ್ದು ಸಾಲದ ಅಪಾಯ ಅಳೆಯುವುದು. ಆದರೂ ಬೂತನ ಕಪ್ಪು ಬಣ್ಣದ ವಿವರಣೆಯಲ್ಲಿ ಅತಿ ಬಡವರ ಜತೆಗೆ ದುರ್ನಡತೆ, ಅರೆ ಅಪರಾಧ ಎಂಬ ಮಾತುಗಳೂ ಇವೆ. ಇರವಿನ ವರದಿಯೂ ನಡತೆಯ ತೀರ್ಪೂ ಒಂದೇ ಬಣ್ಣದಲ್ಲಿ ಬೆರೆತುಹೋಗುವ ದೋಷ ಎರಡರಲ್ಲೂ ಕಾಣುತ್ತದೆ.

ಅಮೆರಿಕದಲ್ಲಿ ಈ ತೀರ್ಪು ಕಾಗದದ ಮೇಲೆಯೇ ಉಳಿಯಲಿಲ್ಲ. 1934ರಲ್ಲಿ ಹುಟ್ಟಿದ ಕೇಂದ್ರದ ವಸತಿ ಆಡಳಿತ ಸಂಸ್ಥೆ ಬ್ಯಾಂಕುಗಳ ಮನೆಸಾಲಕ್ಕೆ ವಿಮೆ ಕೊಡುತ್ತಿತ್ತು. ಬೇರೆ ಜನಾಂಗದವರಿಗೆ ಮನೆ ಕೊಡಬಾರದೆಂಬ ಕರಾರುಗಳನ್ನು ಅದರ 1938ರ ಕೈಪಿಡಿ ಶಿಫಾರಸು ಮಾಡಿತ್ತು. ಡೆಟ್ರಾಯಿಟ್ ನಗರದಲ್ಲಿ ಕಪ್ಪು ಜನರ ನೆಲೆಯ ಪಕ್ಕದಲ್ಲಿ ಬಿಳಿಯರ ಬಡಾವಣೆ ಮಾಡಹೊರಟವನಿಗೆ ಈ ವಿಮೆ ಸಿಗಲಿಲ್ಲ. 1941ರಲ್ಲಿ ಆತ ನಡುವೆ ಸುಮಾರು ಆರಡಿ ಎತ್ತರದ, ಅರ್ಧ ಮೈಲು ಉದ್ದದ ಕಾಂಕ್ರೀಟ್ ಗೋಡೆ ಕಟ್ಟಿಸಿದ, ಬಳಿಕ ಸಿಕ್ಕಿತು. ಆ ಗೋಡೆ ಇಂದಿಗೂ ನಿಂತಿದೆ.

ಬಹುಕಾಲ ದಾಖಲೆಯ ಕೋಣೆಯಲ್ಲಿದ್ದ ಭೂಪಟಗಳನ್ನು ಇತಿಹಾಸಕಾರ ಕೆನೆತ್ ಜಾಕ್ಸನ್ ತಮ್ಮ 1985ರ ಗ್ರಂಥದ ಮೂಲಕ ಬೆಳಕಿಗೆ ತಂದರು. 2016ರಲ್ಲಿ ರಿಚ್ಮಂಡ್ ವಿಶ್ವವಿದ್ಯಾಲಯ ಅವನ್ನೂ ವಿವರಣೆಯ ಹಾಳೆಗಳನ್ನೂ ಗಣಕಯಂತ್ರದಲ್ಲಿ ಎಲ್ಲರಿಗೂ ಸಿಗುವಂತೆ ಮಾಡಿತು. ಹಳೆಯ ಭೂಪಟದ ಮೇಲೆ ಇಂದಿನ ಜನಗಣತಿಯನ್ನು ಹಾಸಿ ನೋಡಿದ 2018ರ ಒಂದು ಅಧ್ಯಯನ, ಅಂದಿನ ಕೆಂಪು ಪ್ರದೇಶಗಳಲ್ಲಿ ಶೇಕಡಾ 74ರಷ್ಟು ಈಗಲೂ ಕಡಿಮೆ ಆದಾಯದವರ ನೆಲೆಗಳೆಂದು ತೋರಿಸಿತು. 108 ನಗರ ಪ್ರದೇಶಗಳ ಉಷ್ಣತೆಯನ್ನು ಪರಿಶೀಲಿಸಿದ 2020ರ ಅಧ್ಯಯನದ ಪ್ರಕಾರ ಕೆಂಪು ಪ್ರದೇಶಗಳು ಉಳಿದವುಗಳಿಗಿಂತ ಸರಾಸರಿ 2.6 ಡಿಗ್ರಿ ಸೆಲ್ಸಿಯಸ್ ಬಿಸಿ. ಅಲ್ಲಿ ಮರ ಕಡಿಮೆ, ಡಾಂಬರು ಕಾಂಕ್ರೀಟು ಹೆಚ್ಚು. ಅಜ್ಜನಿಗೆ ಸಾಲ ಸಿಗದ ಬೀದಿಯಲ್ಲಿ ಮೊಮ್ಮಗಳಿಗೆ ನೆರಳೂ ಇಲ್ಲ.

ಇಲ್ಲಿ ವಿಮರ್ಶಕ ಎಚ್ಚರ ತಪ್ಪಬಾರದು. ನಿಗಮ ತನ್ನ ಸಾಲಗಳ ಬಹುಪಾಲನ್ನು ಭೂಪಟ ಬರೆಯುವ ಮೊದಲೇ ಕೊಟ್ಟಿತ್ತು, ಕೆಂಪಾದ ಪ್ರದೇಶಗಳಲ್ಲೂ ಕೊಟ್ಟಿತ್ತು. ಭೂಪಟ ಹೆಚ್ಚು ಕೈಗಳಿಗೆ ತಲುಪಿರಲೂ ಇಲ್ಲ ಎಂದು ಆಮಿ ಹಿಲಿಯರ್ ಮೊದಲಾದ ಸಂಶೋಧಕರು ವಾದಿಸಿದ್ದಾರೆ. ಈ ವಾದದಲ್ಲಿ ತಿರುಳಿದೆ. ಎಲ್ಲ ಪಾಪವನ್ನೂ ಒಂದು ಹಾಳೆಯ ತಲೆಗೆ ಕಟ್ಟಿದರೆ ದಳ್ಳಾಳಿ, ಬ್ಯಾಂಕು, ನೆರೆಮನೆಯವ ಎಲ್ಲರೂ ಪಾರಾಗುತ್ತಾರೆ. ನನಗೆ ತೋರುವಂತೆ ಈ ಭೂಪಟ ಅನ್ಯಾಯದ ಮೂಲವಲ್ಲ; ಅನ್ಯಾಯ ತನ್ನ ಕೈಯಾರೆ ಬರೆದುಕೊಟ್ಟ ಹೇಳಿಕೆ. ಸಾಕ್ಷಿಯಾಗಿ ಅದರ ಬೆಲೆ ಹೆಚ್ಚಾಗುವುದೂ ಇದರಿಂದಲೇ.

ಈ ಮಾತು ಬರೆಯುವಾಗ ನನಗೆ ನನ್ನ ಕೈಯೂ ನೆನಪಾಗುತ್ತದೆ. ಕೆಲವು ವರ್ಷಗಳ ಹಿಂದೆ ನಾನಿದ್ದ ಶಾಖೆಗೆ ಬೀಡಿ ಕಟ್ಟುವ ಹೆಂಗಸೊಬ್ಬರು ಮನೆಯ ಮಾಡು ರಿಪೇರಿಗೆ ಸಾಲ ಕೇಳಿ ಬಂದರು. ಆಧಾರ ಇತ್ತು, ತೀರ್ವೆ ರಶೀದಿ ಇತ್ತು. ಹಿಂದಿನ ಚಿನ್ನದ ಸಾಲವನ್ನು ವಾಯಿದೆಯೊಳಗೆ ತೀರಿಸಿದ್ದರು. ಸ್ಥಳದ ಕಾಲಮಿನಲ್ಲಿ 'ಕಾಲೊನಿ ಪ್ರದೇಶ, ಮಾರಾಟಬೆಲೆ ಇಲ್ಲ' ಎಂಬ ಷರಾ ಬಿತ್ತು. ಕೊಟ್ಟ ಚೀಟಿ ನೋಡಿ ಅದನ್ನು ಕಡತಕ್ಕೆ ದುಂಡಗೆ ನಕಲು ಮಾಡಿದವನು ನಾನು. ಆ ಗುಡ್ಡವನ್ನು ನಾನು ಕಂಡಿರಲಿಲ್ಲ. ಸಾಲ ಸಿಗಲಿಲ್ಲ. "ಆಯಿತು ಸಾರ್" ಎಂದು ಅವರು ಮರಳಿದರು.

2024ರಲ್ಲಿ ಕೇರಳ ಸರಕಾರ ಪರಿಶಿಷ್ಟರ ನೆಲೆಗಳಿಗೆ 'ಕಾಲೊನಿ' ಎಂಬ ಹೆಸರು ಬೇಡ, ನಗರ್, ಉನ್ನತಿ, ಪ್ರಕೃತಿ ಮುಂತಾದ ಹೆಸರುಗಳಿರಲಿ ಎಂದು ಆದೇಶಿಸಿತು. ಒಳ್ಳೆಯದೇ. ಆದರೆ ಹೆಸರು ಬದಲಾದ ಮಾತ್ರಕ್ಕೆ ಕಾಲಮಿನ ಷರಾ ಬದಲಾಗುವುದಿಲ್ಲ. ಅಮೆರಿಕದಲ್ಲಿ 1968ರ ಕಾಯಿದೆ ವಸತಿಯಲ್ಲಿ ಭೇದಭಾವವನ್ನು ನಿಷೇಧಿಸಿತು. ಯಾವ ಪ್ರದೇಶದಲ್ಲಿ ಎಷ್ಟು ಮನೆಸಾಲ ಕೊಟ್ಟಿದ್ದೇವೆಂಬ ಲೆಕ್ಕವನ್ನು ಬ್ಯಾಂಕುಗಳು ಬಹಿರಂಗಪಡಿಸಬೇಕೆಂದು 1975ರ ಇನ್ನೊಂದು ಕಾಯಿದೆ ವಿಧಿಸಿತು. ಜನರ ಮೇಲೆ ಷರಾ ಬರೆಯುತ್ತಿದ್ದವರ ಲೆಕ್ಕವನ್ನು ಜನ ಓದುವಂತಾದುದು ಆಗ.

ಆ ಹಳೆಯ ಹಾಳೆಗಳಲ್ಲಿ ಯಾರು ನುಸುಳಿದರೆಂದು ಕೇಳುವ ಕಾಲಮು ಇದೆ. ಹೊಸತಾಗಿ ಬಂದವರು ಕಂತನ್ನು ಹೇಗೆ ಕಟ್ಟುತ್ತಿದ್ದರೆಂದು ಕೇಳುವ ಕಾಲಮು ನನಗೆ ಕಾಣಲಿಲ್ಲ. ಬೀಡಿ ಕಟ್ಟುವ ಹೆಂಗಸಿನ ಕಡತದಲ್ಲಿ ಆ ಕಾಲಮು ಇತ್ತು, ತುಂಬಿಯೂ ಇತ್ತು. ಅದನ್ನು ಯಾರೂ ಓದಲಿಲ್ಲ, ನಾನೂ ಓದಲಿಲ್ಲ.